ಶ್ರೀಕಂಠಯ್ಯನವರ ಪಾಚಿ

ಗುರುವಾರ, ೧೨ ಮಾರ್ಚ್ ೧೯೮೭

ಮದ್ರಾಸಿನಿಂದ ಕ್ಯಾನುಗಳಲ್ಲಿ ಉಪ್ಪುನೀರು ಹೊತ್ತು ತಂದು ಸಮುದ್ರದ ಮೀನು ಸಾಕುವ ಹುಚ್ಚ ಇಡೀ ರಾಜಾಜಿನಗರದಲ್ಲಿ ನಾನೊಬ್ಬನೇ ಇರಬೇಕು. ಹೋದ ತಿಂಗಳು ತೊಟ್ಟಿಯ ಕಲ್ಲಿನ ಮೇಲೆ ಕಂದು ಬಣ್ಣದ್ದೇನೋ ಮೂಡಿತ್ತು. ನಮ್ಮ ಬಯಾಲಜಿ ವಿಭಾಗದ ಮುಖ್ಯಸ್ಥ ಶ್ರೀಕಂಠಯ್ಯ ಕನ್ನಡಕವನ್ನೂ ಹಾಕಿಕೊಳ್ಳದೆ ತೀರ್ಪು ಕೊಟ್ಟರು: "ಪಾಚಿ ಕಣ್ರೀ, ಚಿವುಟಿ ಹಾಕಿ."

ಸ್ಯಾಂಕಿ ಕೆರೆಗಿಂತ ದೊಡ್ಡ ನೀರನ್ನು ಈ ಮಹಾನುಭಾವ ಕಂಡೇ ಇಲ್ಲ. ಅದು ಸೀಗಡಿ ಚೂರು ನುಂಗುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಸೀ ಅನಿಮೋನ್, ಅಪ್ಪಟ ಪ್ರಾಣಿ. ಆದರೂ "ಹೌದು ಸಾರ್" ಎಂದು ಚಿವುಟಿದೆ. ನನ್ನ ಕೆಲಸ ಖಾಯಂ ಆಗಲು ಅವರ ಸಹಿ ಬೇಕಲ್ಲ!

ಅಮ್ಮ ಅಂದೇ ನಕ್ಕಿದ್ದಳು. "ದೊಡ್ಡಪತ್ರೆ ಚಿವುಟಿದ ಹಾಗಾಗತ್ತೆ, ನೋಡ್ತಿರು." ಹಾಗೇ ಆಯಿತು. ಒಂದೊಂದು ಚೂರೂ ಬೆಳೆದು ಈಗ ಮೂವತ್ತಾಗಿವೆ.

ಇವತ್ತು ಸಂಜೆ ಆಸಾಮಿ ಮತ್ತೆ ಬಂದಿತ್ತು. "ಭಲೇ, ಚೆನ್ನಾಗಿ ಬೆಳೆಸಿದೀರಿ! ಒಂದನ್ನ ಬಾಟ್ಲೀಲಿ ತನ್ನಿ, ನಾಳೆ ಪ್ರಾಕ್ಟಿಕಲ್ ಪರೀಕ್ಷೆಗಿಡೋಣ. ಪಾಚಿ ಅಂತ ಬರೆದೋರಿಗೆ ಎರಡು ಮಾರ್ಕ್ಸು."

"ಆಗಲಿ ಸಾರ್" ಎಂದೆ. ಬಾಟಲಿ ಮೇಜಿನ ಮೇಲಿದೆ. ತರಗತಿಯಲ್ಲಿ ಸರಿ ಉತ್ತರ ಬರೆಯುವವಳು ಸುಕನ್ಯಾ ಒಬ್ಬಳೇ. ಅವಳಿಗೆ ಕಲಿಸಿದವನು ನಾನು. ನಾಳೆ ಸೊನ್ನೆ ಹಾಕಬೇಕಾದವನೂ ನಾನೇ.