ಬಾಗಿಲ ಪಕ್ಕದ ಸೆನ್ಸರ್

ಸೋಮವಾರ, ೧೧ ಮಾರ್ಚ್

ಪ್ರೀತಿಯ ತಂತಿ,

(ತಂತಿಯಿಲ್ಲದ ಜಾಲ ಕಟ್ಟುವವಳಿಗೆ ಇನ್ನೂ ಕಾಲೇಜಿನ ಆ ಅಡ್ಡಹೆಸರೇ!) ನಿನ್ನ ಪತ್ರ ಬಂದು ವಾರಗಳೇ ಆದವು. ಬೈದುಕೋ, ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಮಗಳು ಎದ್ದಳು. ಅವಳು ಮಲಗಿದಾಗ ನನಗೆ ಅಕ್ಷರಗಳು ಎರಡೆರಡಾಗಿ ಕಂಡವು. ಎಲ್ಲರೂ ಚೆನ್ನಾಗಿದ್ದೇವೆ. ಈಗ ಅವಳು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾಳೆ, ನನ್ನ ಜಡೆಯನ್ನೂ ಸೇರಿಸಿ.

ಮೊದಲು ನಿನ್ನ ಕೆಲಸದ ವಿಷಯ. ಹಣ್ಣಿನ ಶೈತ್ಯಾಗಾರದಲ್ಲಿ ನೀನು ಕೂರಿಸಿದ, ಚಳಿ ಅಳೆಯುವ ಸೆನ್ಸರ್‌ಗಳಲ್ಲಿ ಬಾಗಿಲ ಪಕ್ಕದ್ದೇ ಯಾಕೆ ಪದೇ ಪದೇ ಸಾಯುತ್ತದೆ ಎಂದು ಕೇಳಿದ್ದೆಯಲ್ಲ. ಬ್ಯಾಟರಿಯವರನ್ನು ಬೈಯಬೇಡ. ಒಳಗಿನವೆಲ್ಲ ಹತ್ತಿರದ ದಾರಿಯೆಂದು ತಮ್ಮ ಸುದ್ದಿಯನ್ನು ಅದರ ಕೈಗೇ ಕೊಡುತ್ತಿವೆ. ಎಲ್ಲರ ಮಾತನ್ನೂ ಅದೊಂದೇ ಹೊರಗೆ ದಾಟಿಸಬೇಕು. ಹತ್ತಿರದ ದಾರಿ ಬಿಡು. ಯಾರಲ್ಲಿ ಹೆಚ್ಚು ಶಕ್ತಿ ಉಳಿದಿದೆಯೋ ಅವರ ಮೂಲಕ ಕಳಿಸು. ಸುದ್ದಿ ತುಸು ಸುತ್ತಿಕೊಂಡು ಬರುತ್ತದೆ, ಬರಲಿ.

ನಿನ್ನೆ ಇಷ್ಟನ್ನು ಗೀಚಿಕೊಂಡು ನಮ್ಮವರಿಗೆ ಓದಿ ಹೇಳಿದೆ. "ಅಂದ್ರೆ ಆ ಬಾಗಿಲ ಪಕ್ಕದ್ದು ನೀನು ಅಂತಾಯ್ತು" ಎಂದರು. ಮಗು ಅತ್ತಾಗಲೆಲ್ಲ "ನೀನೆತ್ಕೊಂಡ್ರೆ ಎರಡೇ ನಿಮಿಷ, ನಾನಾದ್ರೆ ಅರ್ಧ ಗಂಟೆ" ಎಂದು ನನ್ನ ಮಡಿಲಿಗೆ ದಾಟಿಸುವವರು ಇವರೇ! ಅತ್ತೆ ಬಟ್ಟೆ ಮಡಿಸುತ್ತಿದ್ದರು. "ಸದ್ಯ, ಅವನ ತಲೆಗೂ ಹೋಯ್ತಲ್ಲ. ಕೂಸನ್ನ ಅವನ ಕೈಗೆ ಕೊಟ್ಟು ಬಿದ್ಕೋ ಹೋಗಮ್ಮ" ಎಂದು ನನ್ನನ್ನು ಕೋಣೆಗೆ ಅಟ್ಟಿ ಬಾಗಿಲೆಳೆದರು.

ಆಗ ಮಧ್ಯಾಹ್ನ. ಆಚೆ ಮಗಳು ಅತ್ತಳು. ಇವರು ತಾವೇ ಹಾಡು ಕಟ್ಟಿ ಹಾಡಿದರು. ತಾಳವಿಲ್ಲ, ಅರ್ಥವಿಲ್ಲ, ಅರ್ಧ ಹಾಡು ಬರೀ "ಅಯ್ಯೋ ಅಮ್ಮಣ್ಣೀ". ತಡವಾಯಿತು, ಆದರೆ ಸುಮ್ಮನಾದಳು. ನಾನೋ, ಸಂಜೆಯವರೆಗೆ ಗೋಡೆಗೆ ಮುಖ ಮಾಡಿ ಬಾಗಿಲಿಗೆ ಕಿವಿ ಕೊಟ್ಟು ಬಿದ್ದಿದ್ದೆ. ಎದ್ದಾಗ ಮೊದಲಿಗಿಂತ ಸುಸ್ತು.

ಹಾಗಾಗಿ ಇದನ್ನೂ ನೆನಪಿಟ್ಟುಕೋ: ದಾರಿ ಬದಲಿಸಿದರಷ್ಟೇ ಸಾಲದು. ಏನಾದರೂ ಬಂದೀತೇನೋ ಎಂದು ಸೆನ್ಸರ್ ರೇಡಿಯೋ ತೆರೆದು ಕಾದರೆ, ಹೆಚ್ಚುಕಡಿಮೆ ಮಾತನಾಡಿದಷ್ಟೇ ಶಕ್ತಿ ಸೋರುತ್ತದೆ. ಸರದಿ ಮುಗಿದದ್ದನ್ನು ನಿಜವಾಗಿ ಮಲಗಿಸು.

ಹಿಡಿದ ಕೆಲಸ ಕೈಗೂಡಲಿ. ಆ ಚಳಿಯೊಳಕ್ಕೆ ಸ್ವೆಟರ್ ಇಲ್ಲದೆ ನುಗ್ಗಬೇಡ, ನಿನ್ನ ಆರೋಗ್ಯ ಚೆನ್ನಾಗಿರಲಿ.

ನಿನ್ನ
ಬೆಸುಗೆ

ತಾ.ಕ.: ಅಳು ಕೇಳುತ್ತಿದ್ದಷ್ಟು ಹೊತ್ತು ನೆಮ್ಮದಿಯಾಗೇ ಇದ್ದೆ, ತಂತಿ. ಸುಮ್ಮನಾದ ಮೇಲೆ ಒಂದೊಂದು ಸದ್ದಿಗೂ ಕಾಯತೊಡಗಿದೆ. ಏಳು ತಿಂಗಳಿಗೇ ಹೋಯಿತಲ್ಲ ಮೊದಲನೆಯದು, ಅದು ಹೊಟ್ಟೆಯಲ್ಲಿ ಅಲುಗಾಡುವುದನ್ನು ಯಾವಾಗ ನಿಲ್ಲಿಸಿತೆಂದು ಡಾಕ್ಟರಮ್ಮ ಕೇಳಿದಾಗ ಹೇಳಲಾಗಲಿಲ್ಲ. ಮಗು ಮಲಗಿದೆ ಅಂದುಕೊಂಡು ನಾನೂ ಮಲಗಿದ್ದೆ. "ನೀವು ಎಚ್ಚರ ಇದ್ದಿದ್ರೂ ಏನೂ ಮಾಡೋಕಾಗ್ತಿರ್ಲಿಲ್ಲ" ಎಂದರು. ಇರಬಹುದು. ನಿನ್ನಲ್ಲಿ ಒಂದು ಸೆನ್ಸರ್ ಸದ್ದಿಲ್ಲದೆ ಇದ್ದರೆ, ಅದು ಮಲಗಿದೆಯೋ ಹೋಗಿಬಿಟ್ಟಿದೆಯೋ ಎಂದು ಎಬ್ಬಿಸದೆಯೇ ತಿಳಿಯುವುದು ಹೇಗೆ? ಗೊತ್ತಿದ್ದರೆ ಬರೆ.