ಕಪಿಲೆ ಇದ್ದ ಹಾಗೆ

ಚಾಮರಾಜಪೇಟೆ, ಬೆಂಗಳೂರು
೧೮ ಫೆಬ್ರವರಿ ೧೯೫೩

ಮುದ್ದು ಮೊಮ್ಮಗಳು ಸರ್ವಮಂಗಳೆಗೆ,

ನಿನ್ನ ಕೆಮ್ಮು ನಿಂತಿತೇ? ಬೊಂಬಾಯಿಯ ನೀರು ಒಗ್ಗಿತೇ? ಇಲ್ಲಿ ಅಜ್ಜಿಯ ಮುರಿದ ಮಣಿಕಟ್ಟು ಕೂಡಿದೆ, ಹಾಲು ಕರೆಯುವಷ್ಟು ಬಲ ಮಾತ್ರ ಬಂದಿಲ್ಲ. ನನ್ನ ಮಂಡಿಗೆ ನನಗಿಂತ ಹೆಚ್ಚು ವಯಸ್ಸಾಗಿದೆ. ಹಸುವನ್ನು ಮೇಯಿಸಲು ಕೆರೆಯಂಗಳದವರೆಗೂ ಬರಲೊಲ್ಲದು.

‘ತಾತಾ, ಕಪಿಲೇನ ಯಾರ್ಗೂ ಕೊಡ್ಬೇಡಿ. ಅವಳ ಚಿತ್ರ ಕಳ್ಸಿ, ಅವಳ ಥರಾನೇ ಇರ್ಬೇಕು’ ಎಂದು ಬರೆದಿದ್ದೆಯಲ್ಲ. ನಮ್ಮಲ್ಲಿಗೆ ಬಂದು ಹಾಲು ಕರೆದುಕೊಡುವ ಗವೀಪುರದ ದೊಡ್ಡಬೈರಪ್ಪ ಅವಳನ್ನು ಕೇಳುತ್ತಿರುವ ಸುದ್ದಿ ನಿನಗೂ ಮುಟ್ಟಿತೆಂದಾಯಿತು. ಅವಳು ಹುಟ್ಟಿದ ದಿನವೇ ‘ಇವಳು ಮಂಗಳೆಯ ಹಸು’ ಎಂದವನು ನಾನು. ನಿನ್ನನ್ನು ಕೇಳದೆ ಕೊಡುವುದಿಲ್ಲವೆಂದು ಅವನಿಗೆ ಹೇಳಿದ್ದೇನೆ. ಅದಿರಲಿ, ಮೊದಲು ಚಿತ್ರದ ಸಮಾಚಾರ ಕೇಳು.

ನೀನು ಇಲ್ಲೇ ಮರೆತುಹೋದ ಬಣ್ಣದ ಪೆನ್ಸಿಲ್ ಡಬ್ಬಿ ಹಿಡಿದು ಜಗಲಿಯಲ್ಲಿ ಕೂತೆ. ಚಿಕ್ಕಪೇಟೆಯ ರೇಷ್ಮೆ ಅಂಗಡಿಯಲ್ಲಿ ಮೂವತ್ತು ವರ್ಷ ಸೆರಗಿಗೆ ಬಣ್ಣ ಹೊಂದಿಸಿದವನು, ಒಂದು ಹಸು ಎಷ್ಟರದು ಅಂದುಕೊಂಡೆ. ಮೂರು ದಿನಕ್ಕೆ ಮುಗಿಸಿ ತೋರಿಸಿದರೆ ಬೈರಪ್ಪ, ‘ಯಜಮಾನ್ರೇ, ಇದು ಕಪಿಲೆ ಅಲ್ಲ, ಬಸವಣ್ಣ! ಕಾಯಿ ಒಡೀಲಾ?’ ಅಂದ. ಅಜ್ಜಿ ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿತು. ನೋಡಿದರೆ ಹೌದು. ಕೈ ತಾನಾಗಿ ಬೆನ್ನನ್ನು ದುಂಡಗೆ ಮಾಡಿ, ಹಣೆಗೆ ವಿಭೂತಿಯ ಮೂರು ಗೆರೆ ಎಳೆದುಬಿಟ್ಟಿತ್ತು! ಕಣ್ಣನ್ನು, ವಿಗ್ರಹಕ್ಕೆ ಮಾಡುವಂತೆ, ಕೊನೆಗೆ ಇಟ್ಟುಕೊಂಡು ಕಪ್ಪು ತುಂಬಿದ್ದೆ. ಆಮೇಲೆ ಬಿಳಿ ಪೆನ್ಸಿಲ್ಲಿನಿಂದ ಹೊಳಪು ಇಡಹೋದರೆ ಬರೀ ಬೂದಿ. ಬಿಳಿ ಇರುವುದು ಹಾಳೆಯಲ್ಲಿ ಮಗಳೇ, ಅದನ್ನು ಮೊದಲೇ ಮುಟ್ಟದೆ ಬಿಡಬೇಕು. ಚಿತ್ರ ‘ಬಿಡಿಸೋದು’ ಅಂತ ಯಾಕನ್ನುತ್ತಾರೋ ನನಗೆ ಅರವತ್ತೈದಕ್ಕೆ ತಿಳಿಯಿತು. ಮೈಗೂ ಬರೀ ಕಂದು ತಿಕ್ಕಿದರೆ ಗೋಣಿಚೀಲ. ಅಡಿಯಲ್ಲಿ ಹಳದಿ, ಅದರ ಮೇಲೆ ಕಾವಿ, ಆಮೇಲೆ ಕಂದು. ಕೂದಲು ಮಲಗಿದ ಕಡೆಗೇ ಗೆರೆಯೂ ಹೋಗಬೇಕು.

ಎರಡನೆಯದನ್ನು ಅವಳ ಎದುರೇ ಕೂತು ಬರೆದೆ. ದಿನಾ ಹುಲ್ಲು ಹಾಕುವವನು ನಾನೇ. ಆದರೂ ಅವಳ ಸೊಂಟದ ಮೂಳೆ ಎಷ್ಟು ಎದ್ದಿದೆಯೆಂದು ಕಂಡದ್ದು ಅದರ ನೆರಳಿಗೆ ನೀಲಿ ಹಚ್ಚುವಾಗ. ಪಕ್ಕೆಲುಬುಗಳ ಮೇಲೆ ಸ್ವಲ್ಪ ಮೈ ತುಂಬಿಸೋಣವೆಂದು ಕೈ ಎರಡು ಸಲ ಹೋಯಿತು. ‘ಮಗು ಇದ್ದ ಹಾಗೆ ಕೇಳಿದಾಳೆ. ಇದ್ದ ಹಾಗೆ ಬರೀರಿ’ ಅಂದಳು ಅಜ್ಜಿ. ಹಾಗೇ ಬರೆದು ಇದರೊಡನೆ ಇಟ್ಟಿದ್ದೇನೆ.

ಅಪ್ಪ ಅಮ್ಮನಿಗೆ ನಮ್ಮಿಬ್ಬರ ಆಶೀರ್ವಾದ ಹೇಳು. ಶಿವನು ನಿನ್ನನ್ನು ನಗುನಗುತ್ತಾ ಇರುವಂತೆ ಇಟ್ಟಿರಲಿ.

ನಿನ್ನ ತಾತ
ಸಿದ್ದಬಸಪ್ಪ

ತಾ.ಕ.: ಅಂಚೆಯ ಹೊತ್ತಾಯಿತು. ಬೈರಪ್ಪನಲ್ಲಿ ಹಸಿಹುಲ್ಲಿದೆ, ಮೇಯಿಸಲು ಮನೆತುಂಬ ಜನರಿದ್ದಾರೆ. ಚಿತ್ರವನ್ನು ಚೆನ್ನಾಗಿ ನೋಡಿ, ಕೊಡಲೋ ಬೇಡವೋ ಬರೆ. ಅಪ್ಪನ ಕೈಲಿ ಬರೆಸಬೇಡ, ನೀನೇ ಬರೆ. ಬೇಡ ಅಂದರೂ ನನಗೆ ಸಿಟ್ಟಿಲ್ಲ. ಅರವತ್ತೈದಕ್ಕೆ ಪೆನ್ಸಿಲ್ ಹಿಡಿದವನು ಅರವತ್ತಾರಕ್ಕೆ ಹಾಲು ಕರೆಯಲು ಕಲಿತೇನು.