ಮೇಡ್ಲೇರಿಗೆ ಸಿಗ್ನಲ್

ತಮ್ಮ ಗುಡ್ಡಪ್ಪನಿಗೆ,

ನಿನ್ನ ಮೊಣಕಾಲು ಈಗ ಹೇಗಿದೆ? ನಿನ್ನ ಹೆಂಡತಿ ಜಯವ್ವ ಆರಾಮವೇ? ನಿನ್ನ ಮಗ ಸುದೀಪ? ಬ್ಯಾಡಗಿಯಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ.

ನಿನ್ನೆ ಹಾವೇರಿಯಲ್ಲಿ ನನ್ನ ಮಗಳು ಶ್ರೀದೇವಿಗೆ ದೂರಸಂಪರ್ಕ ಎಂಜಿನಿಯರುಗಳ ಪ್ರಶಸ್ತಿ ಕೊಟ್ಟರು. ಹೊಳೆದಂಡೆಯ ಹಳ್ಳಿಗಳಿಗೆ ಮೊಬೈಲ್ ಸಿಗ್ನಲ್ ಮುಟ್ಟಿಸಿದ್ದಕ್ಕೆ. ನಿಮ್ಮ ಮೇಡ್ಲೇರಿಯೂ ಅದರಲ್ಲಿದೆ. ಅವಳನ್ನು ಸುದೀಪನಿಗೆ ಕೊಡದೆ ಓದಿಸಿದೆವೆಂದು ನೀನು ಮಾತು ಬಿಟ್ಟೆಯಲ್ಲ, ಅದೇ ಓದು.

ಮನೆಯಲ್ಲಿ ಆರತಿಗೆ ಕೂರಿಸಿದೆವು. ಮೊದಲ ಶಾಲು ಸೋದರಮಾವನೇ ಹೊದಿಸಬೇಕೆಂದು ಓಣಿಯವರು ಕಾದರು.

"ಎಲ್ಲಿ ಅದಾನವಾ ನಿನ್ನ ಮಾವ? ಟವರ್ ಏರಿ ಕುಂತಾನೇನ?" ಎಂದಳು ನೆರೆಮನೆಯ ಗದಿಗೆವ್ವ. ಎಲ್ಲರೂ ನಕ್ಕರು.

ಶ್ರೀದೇವಿ ತನ್ನ ಫೋನು ನನ್ನ ಕೈಗಿತ್ತಳು. "ಹಚ್ಚವ್ವಾ. ಇನ್ನ ಸಿಗ್ನಲ್ ಇಲ್ಲ ಅಂತ ಹೇಳಾಕ ಬರಂಗಿಲ್ಲ."

ಹಚ್ಚಿದೆ. "ಹಲೋ, ಯಾರ್ರಿ?" ಎಂದೆ ನೀನು. ಪಕ್ಕದಲ್ಲೇ ಕುಳಿತು ಮಾತಾಡಿದಷ್ಟು ಸ್ಪಷ್ಟವಾಗಿತ್ತು. ನಾನು ಕೆಂಪು ಗುಂಡಿ ಒತ್ತಿ, "ಸಿಗ್ನಲ್ ಇಲ್ಲ" ಎಂದೆ. ಶ್ರೀದೇವಿ ಫೋನಿನತ್ತ ಒಮ್ಮೆ ನೋಡಿದಳು.

ನಿನ್ನ ಹೆಸರಲ್ಲಿ ತಂದ ಶಾಲು ಮಡಿಕೆ ಬಿಚ್ಚದೆ ಟ್ರಂಕಿನಲ್ಲಿದೆ. ಈ ಪತ್ರವೂ ಟಪಾಲಿಗಲ್ಲ, ಅದರ ಮೇಲೆಯೇ ಹೋಗುತ್ತದೆ. ಆದರೂ ನೀನು ಲಗೂ ಒಂದು ಸಾಲು ಬರಿ.

ನಿನ್ನ ಅಕ್ಕ